ಗೋಡೆ ಹಿಡಿದ ಹಾಡು

ಹಾಡಿದ್ದೆಲ್ಲ ಗೋಡೆಯಲ್ಲಿ ಉಳಿದು, ದಿನವೂ ಅದೇ ಹೊತ್ತಿಗೆ ಮತ್ತೆ ಕೇಳಿಸುವ ಊರು ಅದು. ಹಾಗಾಗಿ ಮನೆಯೊಳಗೆ ಯಾರೂ ಜೋಗುಳವನ್ನೂ ಹಾಡುತ್ತಿರಲಿಲ್ಲ. ಹಾಡನ್ನೇ ಕಸುಬು ಮಾಡಿಕೊಳ್ಳುವವರು ಮಾತ್ರ ಸಭಾಭವನದ ಹೊಸ ಗೋಡೆಯೆದುರು ಒಮ್ಮೆ ಹಾಡಬೇಕು. ಅಪಸ್ವರ ಬಂದರೆ ಗೌಂಡಿ ಆ ಗೋಡೆ ಒಡೆಯುತ್ತಾನೆ. ಹಾಡಿದವರ ಆಸೆಯೂ ಅಲ್ಲಿಗೆ ಮುಗಿಯಿತು. ಹಾಡಿದವರೇ ಬೇಡವೆಂದರೆ ಒಡೆಯುವಂತಿಲ್ಲ, ನಿಜ. ಆದರೆ ತಮ್ಮ ತಪ್ಪನ್ನು ಊರಿಗೆಲ್ಲ ದಿನಾ ಕೇಳಿಸಲು ಇದುವರೆಗೆ ಯಾರೂ ಒಪ್ಪಿರಲಿಲ್ಲ.

ಗೌಂಡಿ ಶಿವಪುತ್ರಪ್ಪ ಎಷ್ಟೋ ಜನರ ಹಾಡು ಕೆಡವಿದ್ದ. ಇವತ್ತು ಉಳಿ, ಸುತ್ತಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದ. ಅಂಚೆ ಕಚೇರಿಯ ಕಾಯಂ ನೌಕರಿ ಬಿಟ್ಟು ಹಾಡಲು ಕೂತವಳು ಅವನ ಮಗಳು ಕಸ್ತೂರಿ. ಬಯಲಲ್ಲಿ ಕೂತು ಹನ್ನೆರಡು ವರ್ಷ ಕಲಿತ ಹಾಡು ಚೆನ್ನಾಗಿಯೇ ಸಾಗಿತು. ಕೊನೆಯ ನಿಷಾದ ಸ್ವರದಲ್ಲಿ ದನಿ ಕೂದಲೆಳೆಯಷ್ಟು ಇಳಿಯಿತು.

ಹಾಡು ಕೇಳಲು ಕೂತಿದ್ದ ಪರೀಕ್ಷಕರಿಗೆ ಅನುಮಾನ. "ಶಿವಪುತ್ರಪ್ಪ, ನೀವ ಗೋಡೆಗೆ ಕಿವಿಗೊಟ್ಟು ಹೇಳ್ರಿ," ಎಂದರು.

ಅವನು, ಹಾಡು ಇನ್ನೂ ಇಂಗುತ್ತಿದ್ದ ಹಸಿ ಗಾರೆಗೆ ಕಿವಿ ಇಟ್ಟ. ತಪ್ಪು ಸ್ಪಷ್ಟವಾಗಿ ಕೇಳಿಸಿತು.

"ಸರಿ ಐತ್ರಿ," ಎಂದುಬಿಟ್ಟ.

"ಸುಳ್ಳು ಹೇಳಬ್ಯಾಡಪ್ಪಾ," ಕಸ್ತೂರಿ ಎದ್ದು ಗೋಡೆಗೆ ಬೆನ್ನು ಕೊಟ್ಟು ನಿಂತಳು. "ನಿಷಾದ ಇಳದೈತಿ. ಆದ್ರ ಒಡೀಬ್ಯಾಡ. ಮಂದಿ ದಿನಾ ಕೇಳಿ ನಗಲಿ. ನಾನೂ ದಿನಾ ಬಂದು ಕೇಳತೇನಿ."

ಶಿವಪುತ್ರಪ್ಪ ಉಳಿಯನ್ನು ಚೀಲಕ್ಕೆ ಹಾಕಿದ. ಸುತ್ತಿಗೆಯನ್ನೂ ಹಾಕಿ ಚೀಲದ ಬಾಯಿ ಕಟ್ಟಿದ.

"ಹಂಗಾರ ಇದಕ್ಕ ಯಾವ ಬಣ್ಣ ಹಚ್ಚಲಿ, ಯವ್ವಾ?" ಎಂದು ಕೇಳಿದ. ಅವನ ದನಿಯೂ ಕೂದಲೆಳೆಯಷ್ಟು ಇಳಿದಿತ್ತು.