ಕಾಲು ಸುತ್ತು

"ಬಂತು! ಕಾಲು ಸುತ್ತು ಬಂತು ಕಣೇ!"

ವಾಷಿಂಗ್ ಮಷೀನಿನ ಹೊಟ್ಟೆಯೊಳಗೆ ಅರ್ಧ ಮೈ ತೂರಿಸಿಕೊಂಡೇ ಫೋರ್‌ಮನ್ನರು ಕೂಗಿದರು. ಇದೇ ಕಾಲು ಸುತ್ತು ನಿನ್ನೆಯೂ ಬಂದಿತ್ತು, ಮೊನ್ನೆಯೂ ಬಂದಿತ್ತು. ಹತ್ತು ದಿನಕ್ಕೆ ಎರಡೂವರೆ ಸುತ್ತಾಗಿ ಬೋಲ್ಟು ಕೈಗೆ ಬರಬೇಕಿತ್ತು. ಅದು ಮಾತ್ರ ಇದ್ದಲ್ಲೇ ಇತ್ತು.

"ಹೌದಾ? ಇವತ್ತೇ ಬಿಚ್ಚಿಬಿಡುತ್ತಾ?" ಅಡುಗೆಮನೆಯಿಂದ ಹೆಂಡತಿ ಕೇಳಿದರು.

"ಅವಸರ ಮಾಡಬಾರದು. ಕಾಲು ಸುತ್ತು ಬಂದ್ಮೇಲೆ ಎಣ್ಣೆ ಕುಡಿಸಿ ಬಿಡಬೇಕು. ತುಕ್ಕು ಹಿಡಿದ ಬೋಲ್ಟನ್ನ ಒಂದೇ ಸಲ ಎಳೆದ್ರೆ ತಲೆ ಕಿತ್ತು ಬರುತ್ತೆ. ಮೂವತ್ತೆರಡು ವರ್ಷ ಕಾರ್ಖಾನೇಲಿ ಇದನ್ನೇ ಹೇಳ್ಕೊಟ್ಟಿದ್ದೀನಿ."

"ನೀವು ಹೇಳಿದ್ಮೇಲೆ ಮುಗೀತು. ಊಟ ಮಾಡಿ ಮಲಗಿ. ಬೋಲ್ಟೂ ಸುಧಾರಿಸಿಕೊಳ್ಳಲಿ."

ನಿವೃತ್ತರಾದ ಮರುದಿನವೇ ಫೋರ್‌ಮನ್ನರು ಅಡುಗೆಮನೆಯ ಉಸ್ತುವಾರಿಗೆ ಇಳಿದಿದ್ದರು. ಈರುಳ್ಳಿ ಹೋಳು ಒಂದಳತೆಯಲ್ಲಿಲ್ಲ. ಒಲೆಯ ಉರಿ ಜಾಸ್ತಿ. ಸೌಟು ಹಿಡಿಯುವ ಕ್ರಮವೇ ತಪ್ಪು. ನಾಲ್ಕು ತಿಂಗಳು ಹಲ್ಲು ಕಚ್ಚಿಕೊಂಡಿದ್ದ ಹೆಂಡತಿ, ಮಷೀನು ಗಡಗಡ ಎನ್ನತೊಡಗಿದ ದಿನ ಬಾಯಿ ಬಿಟ್ಟರು: "ದಿನಕ್ಕೆ ಇಪ್ಪತ್ತು ಸಲ ಪಾತ್ರೆ ಮುಚ್ಚಳ ತೆಗೀತೀರಲ್ಲ, ಆ ಮಷೀನಿನ ಬೋಲ್ಟೊಂದು ತೆಗೀರಿ ನೋಡೋಣ."

ಫೋರ್‌ಮನ್ನರಿಗೆ ಮೂಗಿನ ತುದಿಯಲ್ಲೇ ಕೋಪ. "ಈ ಮನೇಲಿ ಒಂದೇ ಒಂದು ಮಷೀನು ಕೆಟ್ಟು ಕೂತಿರೋ ತನಕ ಅಡುಗೆಮನೆ ಹೊಸಿಲು ತುಳಿಯಲ್ಲ!" ಎಂದುಬಿಟ್ಟರು. ಇನ್ನು ಮೆಕ್ಯಾನಿಕ್ಕನ್ನು ಕರೆಸಿದರೆ ಮೂವತ್ತೆರಡು ವರ್ಷದ ಮರ್ಯಾದೆ ಮಣ್ಣುಪಾಲು. ಅಂದಿನಿಂದ ಅವರ ತಟ್ಟೆ ನಡುಮನೆಗೇ ಬರುತ್ತಿತ್ತು.

ಬೆಳಿಗ್ಗೆಯೆಲ್ಲ ಹೆಣಗಾಟ, ಮಧ್ಯಾಹ್ನ ನಿದ್ದೆ. ಎದ್ದು ನೋಡಿದರೆ ಬೋಲ್ಟಿನ ಮೇಲಿನ ಸೀಮೆಸುಣ್ಣದ ಗುರುತು ಹಳೆಯ ಜಾಗಕ್ಕೇ ಮರಳಿರುತ್ತಿತ್ತು. ಇದಕ್ಕೂ ಫೋರ್‌ಮನ್ನರ ಬಳಿ ವಿವರಣೆ ಇತ್ತು. ಮಧ್ಯಾಹ್ನದ ಬಿಸಿಲಿಗೆ ಲೋಹ ಹಿಗ್ಗುತ್ತದೆ, ಹಿಗ್ಗಿದ್ದು ತಾನಾಗಿಯೇ ಹಿಂದಕ್ಕೆ ತಿರುಗುತ್ತದೆ. ಕಾಗದದಲ್ಲಿ ಚಿತ್ರ ಬರೆದು ಹೆಂಡತಿಗೆ ತೋರಿಸಿದರು. ಆಕೆ ಬಲಗೈ ಮಣಿಕಟ್ಟಿಗೆ ಮುಲಾಮು ತಿಕ್ಕಿಕೊಳ್ಳುತ್ತಾ ತಲೆಯಾಡಿಸಿದರು.

"ಕೈಗೇನಾಯ್ತೇ?"

"ಮಷೀನಿಲ್ವಲ್ಲ. ಬಟ್ಟೆ ಒಗೆದೂ ಒಗೆದೂ..."

ಫೋರ್‌ಮನ್ನರಿಗೆ ಪಾಪ ಅನ್ನಿಸಿತು. "ಇನ್ನೊಂದು ನಾಲ್ಕು ದಿನ ತಡ್ಕೋ."

"ನಿಧಾನವಾಗ್ಲಿ ಬಿಡಿ. ನನಗೇನೂ ಅವಸರ ಇಲ್ಲ."

ಕಿಟಕಿಯ ಪರದೆ ಯಾಕೋ ದಾರಕ್ಕೆ ನೇತಾಡುತ್ತಿತ್ತು. ಅದರ ಕಬ್ಬಿಣದ ಕೊಳವೆ ಎಲ್ಲಿ ಹೋಯಿತು ಎಂದು ಕೇಳಬೇಕೆಂದುಕೊಂಡರು. ಅಷ್ಟರಲ್ಲಿ ಕಣ್ಣು ಹತ್ತಿತು.

ಹನ್ನೊಂದನೆಯ ದಿನ ಮೋಡ ಕವಿದಿತ್ತು. ಹೆಂಡತಿ ಊಟ ಮುಚ್ಚಿಟ್ಟು, ಜ್ವರದಲ್ಲಿದ್ದ ತಂಗಿಯನ್ನು ನೋಡಲು ಹೋದವರು ಸಂಜೆಗೆ ಬಂದರು. ಬಾಗಿಲಲ್ಲೇ ಫೋರ್‌ಮನ್ನರು ಬೋಲ್ಟನ್ನು ಎತ್ತಿ ಹಿಡಿದು ನಿಂತಿದ್ದರು.

"ನಾನು ಹೇಳಲಿಲ್ವಾ? ಬಿಸಿಲಿಲ್ಲ, ಹಿಗ್ಗಲಿಲ್ಲ. ಮಲಗಿ ಎದ್ದು ತಿರುಗಿಸಿದೆ, ಸಲೀಸಾಗಿ ಬಂತು!"

"ಬಂದೇಬಿಡ್ತಾ?" ಎಂದ ಹೆಂಡತಿಯ ಮುಖ ಸಪ್ಪಗಾಯಿತು. ಸೋತವರ ಮುಖ ಇನ್ನು ಹೇಗಿರಬೇಕು ಎಂದುಕೊಂಡು ಫೋರ್‌ಮನ್ನರು ಒಳಗೊಳಗೇ ಬೀಗಿದರು. ಮಷೀನಿನ ತಳದಲ್ಲಿ ಸಿಕ್ಕಿಕೊಂಡಿದ್ದ ಅಂಗಿ ಗುಂಡಿಗಳನ್ನು ತೆಗೆದು, ಎಲ್ಲ ಜೋಡಿಸಿ, ಎದೆಯುಬ್ಬಿಸಿಕೊಂಡು ಅಡುಗೆಮನೆಗೆ ನುಗ್ಗಿದರು. ಕೈಗೆ ಸಿಕ್ಕ ಮೊದಲ ಮುಚ್ಚಳ ಎತ್ತಿದರು.

"ಏನೇ ಇದು! ಹನ್ನೊಂದು ದಿನ ನಾನು ಈ ಕಡೆ ಬರದೇ ಇದ್ದಿದ್ದಕ್ಕೆ ಶಿಸ್ತೇ ಹಾಳಾಗಿಹೋಗಿದೆ!"

ಹೆಂಡತಿ ಅವರ ಕೈಯಿಂದ ಮುಚ್ಚಳ ತೆಗೆದುಕೊಂಡು ಪಾತ್ರೆಯ ಮೇಲಿಟ್ಟರು.

ಮರುದಿನ ಮಧ್ಯಾಹ್ನ ನಡುಮನೆಯಲ್ಲಿ ಗೊರಕೆ ಜೋರಾಯಿತು. ಆಕೆ ಹಿಟ್ಟಿನ ಡಬ್ಬದ ಹಿಂದಿನಿಂದ ಪರದೆಯ ಕೊಳವೆಯನ್ನು ಹೊರಗೆಳೆದು, ಬಲ ಹೆಚ್ಚಲೆಂದು ಸ್ಪ್ಯಾನರಿನ ಹಿಡಿಗೆ ಸಿಕ್ಕಿಸಿಕೊಂಡು, ಹಿತ್ತಲಿನ ನೀರಿನ ಪಂಪಿನ ಮುಂದೆ ಕುಳಿತರು.

ಹತ್ತು ದಿನ ಬಿಗಿಸಿ ಬಿಗಿಸಿ ಪಳಗಿದ ಕೈ. ಪಂಪಿನ ಬೋಲ್ಟು ಬಿಚ್ಚುವುದಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ.