ಕಿಚೆ ಬರುತ್ತಾ, ಸೆನ್ಯೊ?

"ಸೆನ್ಯೊ, ನಿಮಗೆ ಕಿಚೆ ಬರುತ್ತಾ?" ಎಂದು ನರ್ಸ್ ಇರ್ಮಾ ಆಸ್ಪತ್ರೆಯ ಬಾಗಿಲಲ್ಲೇ ಕೇಳಿದಳು. "ಬೆಟ್ಟದ ಮೇಲಿಂದ ಒಬ್ಬ ಅಜ್ಜಿ ಬಂದಿದಾರೆ. ಸ್ಪ್ಯಾನಿಷ್‌ನಲ್ಲಿ ನಾಲ್ಕು ಮಾತು ಬಂದ್ರೆ ಹೆಚ್ಚು. ಕಿಚೆ ಗೊತ್ತಿರೋ ನಮ್ಮ ಹುಡುಗಿ ಲಸಿಕೆ ಹಾಕೋಕೆ ಹಳ್ಳಿಗೆ ಹೋಗಿದಾಳೆ."

"ನನಗೆಲ್ಲಿಂದ ಬರಬೇಕು? ನಾನು ರಾಜಧಾನಿಯಲ್ಲಿ ಬೆಳೆದವಳು," ಎಂದು ಎಲ್ವೀರಾ ನಕ್ಕಳು. ಶೆಲಾ ಊರಿಗೆ ಸ್ಪ್ಯಾನಿಷ್ ಕಲಿಯಲು ಬರುವ ಪರದೇಶದವರಿಗೆ ಅವಳು ಏಳು ವರ್ಷದಿಂದ ಪಾಠ ಹೇಳುತ್ತಿದ್ದಳು; ಎಲ್ಲರ ಬಾಯಲ್ಲೂ ಅವಳು 'ಸೆನ್ಯೊ', ಅಂದರೆ ಟೀಚರು. ಬೆಳೆದದ್ದು ರಾಜಧಾನಿಯಲ್ಲಲ್ಲ, ಅದೇ ಬೆಟ್ಟದ ಆಚೆ ಮಗ್ಗುಲಲ್ಲಿ. ಹದಿನಾಲ್ಕು ತುಂಬುವವರೆಗೆ ಆಡಿದ್ದು ಬೆಟ್ಟದವರ ಮಾತಾದ ಕಿಚೆಯೊಂದನ್ನೇ. ಬೆಟ್ಟದವಳೆಂದು ಯಾರೂ ಹಂಗಿಸದಿರಲೆಂದು ಕೈಮಗ್ಗದ ಲಂಗ ಬಿಟ್ಟು ಪ್ಯಾಂಟು ತೊಟ್ಟ ದಿನ ಆ ಮಾತನ್ನೂ ಬಿಟ್ಟಿದ್ದಳು. ಈಗ ಪಾಠ ಹೇಳುವ ಶಾಲೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಹೆತ್ತ ಮಗಳಿಗೂ ಗೊತ್ತಿರಲಿಲ್ಲ.

"ನಾನು ಮಾತಾಡಿಸ್ಲಾ?" ಎಂದು ಓರ್ಲಾ ಮುಂದೆ ಬಂದಳು. ಐರ್ಲೆಂಡಿನ ಈ ನರ್ಸಿಂಗ್ ವಿದ್ಯಾರ್ಥಿನಿ ಒಂದು ವಾರದ ಮಟ್ಟಿಗೆ ಬಂದಿದ್ದಳು. ಬೆಳಿಗ್ಗೆ ಎಲ್ವೀರಾಳ ಹತ್ತಿರ ಪಾಠ, ಮಧ್ಯಾಹ್ನ ಈ ಚಿಕ್ಕ ಆಸ್ಪತ್ರೆಯಲ್ಲಿ ಸ್ವಯಂಸೇವೆ. ಅಂದು ಗುರುವಾರ; ಕಲಿತದ್ದನ್ನು ಹುಡುಗಿ ಹೇಗೆ ಬಳಸುತ್ತಾಳೆಂದು ನೋಡಲು ಟೀಚರೂ ಜೊತೆಗೆ ಬಂದಿದ್ದಳು.

ಅಜ್ಜಿಯ ಹೆಸರು ತೊಮಾಸಾ. ಗುದ್ದಲಿ ತಗುಲಿದ ಕಾಲು ಬಾತು ಕುಂಬಳಕಾಯಿಯಾಗಿತ್ತು. ಓರ್ಲಾ ಅವಳ ಮುಂದೆ ಮಂಡಿಯೂರಿ, ಆಸ್ಪತ್ರೆಯ ಪ್ರಶ್ನೆಗಳ ಕಾಗದ ತೊಡೆಯ ಮೇಲಿಟ್ಟುಕೊಂಡು, ಸ್ಪ್ಯಾನಿಷ್‌ನಲ್ಲಿ ಬಿಡಿಸಿ ಬಿಡಿಸಿ ಕೇಳಿದಳು.

"ಕಾಲು ತುಂಬಾ ನೋಯುತ್ತಾ, ಅಜ್ಜಿ?"

"ಸೀ."

"ಹಿಂದೆ ಯಾವಾಗಲಾದ್ರೂ ಪೆನಿಸಿಲಿನ್ ಸೂಜಿ ಹಾಕಿಸ್ಕೊಂಡಿದ್ರಾ?"

"ಸೀ."

"ಆಗ ಏನೂ ತೊಂದ್ರೆ ಆಗ್ಲಿಲ್ಲ ತಾನೆ?"

"ಸೀ, ಸೀ."

ಸೀ ಅಂದರೆ ಹೌದು; ಓರ್ಲಾ ಮೂರು ಕಡೆಯೂ 'ಹೌದು' ಎಂದು ಗುರುತು ಹಾಕಿ ಹಿಂತಿರುಗಿ ನೋಡಿದಳು. ಅವಳ ಮುಖ ಅರಳಿತ್ತು. "ಎಲ್ಲ ಅರ್ಥ ಆಯ್ತು ಅವರಿಗೆ!" ಬೆಂಚಿನ ಮೇಲೆ ಕುಳಿತಿದ್ದ ಎಲ್ವೀರಾ "ಉಚ್ಚಾರಣೆ ಚೆನ್ನಾಗಿತ್ತು," ಎಂದಳು.

ಇರ್ಮಾ ಆ ಕಾಗದವನ್ನು ಒಳಗೆ ಡಾಕ್ಟರಿಗೆ ತೋರಿಸಿ, ಪೆನಿಸಿಲಿನ್ನಿನ ಪುಟ್ಟ ಸೀಸೆಯೊಂದನ್ನು ಕುಲುಕುತ್ತ ಬಂದಳು. ಸೀಸೆಯೊಳಗೆ ಬಿಳಿ ಪುಡಿ ನೀರಿನಲ್ಲಿ ಕರಗುತ್ತಿತ್ತು. ಅದನ್ನು ಕಂಡದ್ದೇ ತೊಮಾಸಾ ಓರ್ಲಾಳ ತೋಳು ಹಿಡಿದುಕೊಂಡು ಕಿಚೆಯಲ್ಲಿ ಬಡಬಡನೆ ಹೇಳತೊಡಗಿದಳು. "ಅದ್ನ ಚುಚ್ಬ್ಯಾಡ ಅನ್ನವ್ವ ಅವ್ಳಿಗೆ. ಹೋದ್ಸಾರಿ ಅದೇ ಬಿಳೀದು ಚುಚ್ಚಿದ್ರು. ಗಂಟ್ಲು ಊದ್ಕಂಡು ಉಸ್ರೇ ನಿಂತೋಗಿತ್ತು. ಸತ್ತೋಯ್ತಿದ್ದೆ ಕಣವ್ವ."

"ಸೀ, ಸೀ, ಹೆದರ್ಬೇಡಿ. ಇರುವೆ ಕಚ್ಚಿದ ಹಾಗಾಗುತ್ತೆ, ಅಷ್ಟೇ," ಎಂದು ಓರ್ಲಾ ಅವಳ ಕೈ ಸವರಿದಳು.

ಎಲ್ವೀರಾಳಿಗೆ ಒಂದು ಪದವೂ ತಪ್ಪದೆ ತಿಳಿಯಿತು. ಮೊದಲು ಕಿಟಕಿಯ ಕಡೆ ನೋಡಿದಳು. ಆಮೇಲೆ, "ಇರ್ಮಾ, ಕಿಚೆ ಬಲ್ಲ ಹುಡುಗಿ ಬರೋವರೆಗೆ ಕಾಯಬಹುದಲ್ವಾ?" ಎಂದಳು.

"ಅವಳು ಬರೋದು ನಾಳೆ ಸೆನ್ಯೊ. ಆ ಕಾಲು ನೋಡಿ, ಅಲ್ಲೀವರೆಗೆ ತಡೆಯುತ್ತಾ? ಸೂಜಿ ಅಂದ್ರೆ ಎಲ್ಲರೂ ಹೀಗೇ ಆಡ್ತಾರೆ. ಬೆಟ್ಟದವರನ್ನಂತೂ ಕೇಳೋದೇ ಬೇಡ. ಏ ಹುಡುಗೀ, ಗಟ್ಟಿಯಾಗಿ ಹಿಡ್ಕೊ."

ಸ್ಪಿರಿಟಿನ ಹತ್ತಿ ಅಜ್ಜಿಯ ತೋಳನ್ನು ಒರೆಸಿತು. ಅವಳು ಕೊಸರಾಡುವುದನ್ನು ಬಿಟ್ಟು ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದಳು. ಎಲ್ವೀರಾಳ ತಾಯಿ ಮಲಗುವ ಮುಂಚೆ ಹೇಳುತ್ತಿದ್ದ ಪ್ರಾರ್ಥನೆಯೇ ಅದು.

"ಚುಚ್ಬ್ಯಾಡ!"

ಬಾಯಿಂದ ಬಂದದ್ದು ಕಿಚೆ. ಇರ್ಮಾಳಿಗೆ ಪದ ತಿಳಿಯದಿದ್ದರೂ ಕೈ ನಿಂತಿತು. ಎಲ್ವೀರಾ ಬೆಂಚು ಬಿಟ್ಟು ಎದ್ದು ಬಂದು ಅಜ್ಜಿಯ ಪಕ್ಕ ಕುಳಿತಳು. "ಯಾವಾಗ ಆಗಿದ್ದಜ್ಜಿ ಅದು? ಮೈಮೇಲೆ ದದ್ದು ಎದ್ದಿತ್ತಾ?" ಎಂದು ಕೇಳಿದಳು. ಮೊದಲೆರಡು ಮಾತು ತೊಡರಿದವು, ಆಮೇಲೆ ಸರಾಗವಾದವು. ಕೇಳಿಸಿಕೊಂಡದ್ದನ್ನೆಲ್ಲ ಸ್ಪ್ಯಾನಿಷ್‌ನಲ್ಲಿ ಇರ್ಮಾಳಿಗೆ ಒಪ್ಪಿಸಿದಳು. ಇರ್ಮಾಳ ಮುಖ ಬಿಳಚಿಕೊಂಡಿತು. ಸೂಜಿಯನ್ನು ತಟ್ಟೆಯಲ್ಲಿಟ್ಟು ಒಳಗೆ ಓಡಿದಳು. ಓರ್ಲಾ ತಾನು ಗುರುತು ಹಾಕಿದ ಕಾಗದವನ್ನು ನೋಡುತ್ತ ನೆಲದ ಮೇಲೆಯೇ ಕುಳಿತುಬಿಟ್ಟಳು.

ಡಾಕ್ಟರು ಬೇರೆ ಮಾತ್ರೆ ಬರೆದುಕೊಟ್ಟರು. ಇರ್ಮಾ ಅದನ್ನು ತಂದಾಗ, ಅಜ್ಜಿ ಎಲ್ವೀರಾಳನ್ನು ಪ್ಯಾಂಟಿನಿಂದ ಹಿಡಿದು ಕಿವಿಯೋಲೆಯವರೆಗೆ ನಿಧಾನವಾಗಿ ಅಳೆಯುತ್ತಿದ್ದಳು. ಕೊನೆಗೆ ಒಂದು ಮಾತು ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಏನಂದ್ರು, ಸೆನ್ಯೊ?" ಎಂದಳು ಓರ್ಲಾ.

ಏನು ಬೇಕಾದರೂ ಹೇಳಬಹುದಿತ್ತು. ಕೋಣೆಯಲ್ಲಿ ಕಿಚೆ ಬಲ್ಲವರು ಅವರಿಬ್ಬರೇ.

"'ಇಷ್ಟೊತ್ತೂ ನೀನು ಇಲ್ಲೇ ಕೂತಿದ್ದೆ ಅಲ್ವಾ?' ಅಂತ ಕೇಳ್ತಿದಾರೆ," ಎಂದಳು ಎಲ್ವೀರಾ.

ತೊಮಾಸಾ ಇನ್ನೂ ಅವಳ ಮುಖವನ್ನೇ ನೋಡುತ್ತಿದ್ದಳು, ಉತ್ತರಕ್ಕಾಗಿ.