ಕಿವಿಗೆ ಸುತ್ತಿದ ಸ್ಕಾರ್ಫ್

ಮೂರನೆಯದು ಬೇಡವೆಂದು ಗರ್ಭ ತೆಗೆಸಿಕೊಂಡು ಬಂದ ಸೊಸೆ, ಪರದೇಶದ ಕೆನ್ಮೋರ್ ಊರಿನ ಮನೆಯ ಬಾಗಿಲಲ್ಲಿ ತಾನೇ ಬಗ್ಗಿ ಬೂಟು ಬಿಚ್ಚುತ್ತಿದ್ದಳು. ಬಸವಣ್ಣೆವ್ವ ಉಣ್ಣೆಯ ಸ್ಕಾರ್ಫ್ ಹಿಡಿದು ನಿಂತಿದ್ದಳು. ಮಡಿಲಲ್ಲಿ ಕೂಸಿಲ್ಲದವಳನ್ನು ಬಾಣಂತಿ ಅನ್ನಬೇಕೋ ಬೇಡವೋ, ಬೆಳಗಿನಿಂದ ಅವಳಿಗೆ ಬಗೆಹರಿದಿರಲಿಲ್ಲ. ಆದರೂ ನೀರು ಕಾಯಿಸಿದ್ದಳು, ಅಂಟಿನುಂಡೆ ಕಟ್ಟಿಟ್ಟಿದ್ದಳು.

"ಮುಗೀತ್ರಿ ಅತ್ತಿ," ಎಂದಳು ಸ್ಮಿತಾ. "ಸ್ವಲ್ಪ ಹೊಟ್ಟಿನೋವು, ಅಷ್ಟ. ಸೋಮವಾರ ಆಫೀಸಿಗೆ ಹೋಗಬಹುದಂತ."

ಬಸವಣ್ಣೆವ್ವ ಸೊಸೆಯ ಕಿವಿ ಮುಚ್ಚುವಂತೆ ಸ್ಕಾರ್ಫ್ ಸುತ್ತಿದಳು. ಗಂಟು ಹಾಕಲು ಹೋದವಳು ನಿಂತು, ಅವಳ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. ಕಣ್ಣಿನ ರೆಪ್ಪೆ ಎಳೆದು ನೋಡಿದಳು. ಒಳಗೆ ಕೆಂಪಗೇ ಇತ್ತು. ಮತ್ತೊಮ್ಮೆ ಹಣೆ ಮುಟ್ಟಿದಳು.

"ನನ್ನ ಮ್ಯಾಲೆ ಸಿಟ್ಟೇನ್ರಿ?" ಸ್ಮಿತಾ ಮೆಲ್ಲಗೆ ಕೇಳಿದಳು.

"ಸಿಟ್ಟಲ್ಲವ್ವಾ. ನನಗ ತಿಳೀವಲ್ದು." ಬಸವಣ್ಣೆವ್ವ ಸ್ಕಾರ್ಫಿನ ತುದಿಗಳನ್ನು ಕೈಯಲ್ಲೇ ಹಿಡಿದಿದ್ದಳು. "ನಮ್ಮಕ್ಕನೂ ತೆಗಿಸ್ಕೊಂಡಿದ್ಲು, ಊರಾಗ, ಯಾರೋ ಮುದುಕಿ ಕಡೆ ಬೇರು ಹಾಕಿಸ್ಕೊಂಡು. ಜ್ವರ ಏರಿ ಹೋಗಿಬಿಟ್ಲು. ಆಕಿ ಹಣೆಬರಹ ಅಂದ್ರು ಎಲ್ಲಾರೂ. ನಾನೂ ಹಂಗ ಅಂದ್ಕೊಂಡಿದ್ದೆ."

ಅವಳು ಸೊಸೆಯ ಮುಖವನ್ನೇ ನೋಡಿದಳು.

"ಇದು ಇಷ್ಟ ಸುಲಭ ಇತ್ತಂದ್ರ, ಆಕಿ ಯಾಕ ಸತ್ಲು?"